ಮೀನಿನ ಪಾಲಿನ ತಿರ್ಮಿಸ್

ಬಸ್ಯೂನಿಯನ್ನು ಸಾಕಿ ಆಳು ಮಾಡಿದ್ದು ತಿರ್ಮಿಸ್ ಕಾಳು ಎಂದು ಬುರುಲ್ಲುಸ್ ಸರೋವರದ ದಂಡೆಯ ಆ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಮಾತು ತಿರುಗುತ್ತಿರಲಿಲ್ಲ. ಅಕ್ಕ ಇನ್ಶಿರಾ ಆಗಷ್ಟೇ ತಲೆಗೆ ವಸ್ತ್ರ ಸುತ್ತಲು ಕಲಿತ ಹುಡುಗಿ. ತಾಯಿಯ ತಳ್ಳುಗಾಡಿಯನ್ನು ಅವಳೇ ಹಿಡಿದಳು. ಕೆಳಗಿನ ಹಲಗೆಯ ಮೇಲೆ ತಮ್ಮನನ್ನು ಮಲಗಿಸಿ, ಮೇಲಿನ ತಟ್ಟೆಯಲ್ಲಿ ಹಳದಿ ಕಾಳನ್ನು ಗುಡ್ಡೆ ಹಾಕಿ, ಸುತ್ತ ನಿಂಬೆಹಣ್ಣು ಜೋಡಿಸಿ ಕಾಲುವೆ ದಂಡೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ಸಂಜೆ ಗಾಳಿಗೆ ಬಂದವರು ಕಾಗದದ ಪೊಟ್ಟಣದಲ್ಲಿ ಕಾಳು ಕೊಂಡು, ಸಿಪ್ಪೆಯನ್ನು ಹಲ್ಲಿನಿಂದ ಸೀಳಿ ಉಗುಳುತ್ತ ಹೋಗುತ್ತಿದ್ದರು. ಆ ಸಿಪ್ಪೆಯ ಮೇಲೆಯೇ ಬಸ್ಯೂನಿ ತಪ್ಪುಹೆಜ್ಜೆ ಇಟ್ಟು ನಡೆಯಲು ಕಲಿತದ್ದು.

ಅವನ ಮೀಸೆ ಚಿಗುರುವ ತನಕ ಇನ್ಶಿರಾ ತನ್ನ ಮದುವೆಯ ಮಾತನ್ನು ಯಾರಿಗೂ ಎತ್ತಗೊಡಲಿಲ್ಲ. ಆಮೇಲೆ ಸರೋವರದಲ್ಲಿ ಬಲೆ ಬೀಸುವವನೊಬ್ಬನನ್ನು ಕಟ್ಟಿಕೊಂಡಳು. ಅವನು ಬಹಳ ಕಾಲ ಬಾಳಲಿಲ್ಲ. ಮಗಳು ವಗೀದಾ ಮದುವೆಯಾಗಿ ದಮಿಯತ್ತಾ ಪಟ್ಟಣ ಸೇರಿದಳು. ಇನ್ಶಿರಾಳ ಜೊತೆಗೆ ಉಳಿದದ್ದು ಮತ್ತೆ ಅದೇ ಗಾಡಿ.

ಬಸ್ಯೂನಿ ಅಷ್ಟರಲ್ಲಿ ಮೀನುಹೊಂಡಗಳ ಯಜಮಾನನಾಗಿದ್ದ. ಊರಿನ ಆಚೆ ಉಪ್ಪು ಕಾರಿದ ನೆಲವನ್ನು ಗುತ್ತಿಗೆ ಹಿಡಿದು, ಅಗೆಸಿ, ನೀರು ತುಂಬಿ ಬುಲ್ತಿ ಮೀನು ಸಾಕುತ್ತಿದ್ದ. ಒಂದು ವಸಂತದ ಸಂಜೆ ಅವನು ಅಕ್ಕನ ಗಾಡಿಯ ಬಳಿ ಬಂದು ನಿಂತ. ಕೇಳದೆಯೇ ತಟ್ಟೆಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದುಕೊಂಡ.

"ಅಕ್ಕಾ, ಇದ್ರ ಕಹೀನ ನೀನು ಹೆಂಗೆ ತೆಗೀತೀಯ?"

"ಇಷ್ಟು ವರ್ಷ ತಿಂದೋನು ಇವತ್ತು ಕೇಳ್ತಿದೀಯಲ್ಲೋ. ಯಾಕೆ, ನೀನೂ ಗಾಡಿ ಇಡ್ತೀಯಾ? ಆ ಮರದ ಕೆಳಗೆ ನಿಂತ್ಕೊ, ನನ್ನ ಗಿರಾಕಿ ಕಿತ್ಕೋಬೇಡ."

ಅವನು ನಗಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕುಳಿತು ತನ್ನ ಗೋಳು ಹೇಳಿಕೊಂಡ. ಮೀನಿನ ತಿಂಡಿಗೆ ಬಲ ಬರುವುದು ಮೀನುಹಿಟ್ಟಿನಿಂದ. ಆ ಹಿಟ್ಟು ಹಡಗಿನಲ್ಲಿ ದೂರದಿಂದ ಬರುತ್ತದೆ. ಬೆಲೆ ಕೇಳಿದರೆ ಮೀನಿಗೆ ಬದಲು ತಾನೇ ಅದನ್ನು ತಿಂದು ಬದುಕಬಹುದು ಅನ್ನಿಸುತ್ತದೆ. ಸೋಯಾ ಕೂಡ ಹಡಗಿನದೇ. ಈಗ ತಿಂಡಿ ಗಿರಣಿಯ ಹಾಜಿ ಶಲಬಿ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದಾರೆ, ತಿರ್ಮಿಸ್ ಹಿಟ್ಟು ಬೆರೆಸಿದರೆ ಮೀನುಹಿಟ್ಟು ಅರ್ಧಕ್ಕರ್ಧ ಕಮ್ಮಿ ಮಾಡಬಹುದಂತೆ.

"ಹಸಿ ಕಾಳನ್ನೇ ಬೀಸಿ ಹಾಕಿ ನೋಡ್ದೆ ಅಕ್ಕಾ. ಬಾಯಿಗೆ ತಗೊಂಡು ತೂ ಅಂತ ಉಗೀತವೆ. ನನ್ನ ಮಾವನ ಮನೆಯೋರೂ ಊಟಕ್ಕೆ ಅಷ್ಟು ನಖರಾ ಮಾಡಲ್ಲ."

"ನಾಲಿಗೆ ಇರೋ ಯಾವ ಜೀವ ಹಸಿ ತಿರ್ಮಿಸ್ ತಿನ್ನುತ್ತೋ!" ಎಂದು ಇನ್ಶಿರಾ ನಕ್ಕಳು. "ಬೇಯಿಸ್ಬೇಕು. ಗೋಣಿಗೆ ತುಂಬಿ, ಬಾಯಿ ಕಟ್ಟಿ, ಹರಿಯೋ ನೀರಲ್ಲಿ ಮುಳುಗ್ಸಿ ಬಿಡ್ಬೇಕು. ದಿನಾ ಒಂದು ಕಾಳು ಬಾಯಿಗೆ ಹಾಕ್ಕೊಂಡು ನೋಡ್ಬೇಕು. ಕಹಿ ಹೋಗೋತನಕ ಕಾಯ್ಬೇಕು. ಅದಕ್ಕೆ ಅಡ್ಡದಾರಿ ಇಲ್ಲ."

"ಹಂಗಾದ್ರೆ ನೀನೇ ಮಾಡ್ಕೊಡು. ನಿನ್ನ ಕೈ ಕಾಳು ತಿಂದು ನಾನು ಬೆಳೆದೆ. ಈಗ ನನ್ನ ಮೀನೂ ಬೆಳೀಲಿ."

ಆ ಒಂದು ಮಾತಿಗೆ ಇನ್ಶಿರಾ ಕರಗಿ ನೀರಾದಳು. ಹೊಂಡಗಳ ಯಜಮಾನನಾದ ಮೇಲೆ ತಮ್ಮ ಅವಳಲ್ಲಿ ಏನನ್ನೂ ಕೇಳಿರಲಿಲ್ಲ. ಅವನಿಗೆ ಬೇಕಾಗುವಂಥದ್ದು ತನ್ನಲ್ಲಿ ಇನ್ನೂ ಒಂದು ಉಳಿದಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಜೊತೆಗೆ ಇನ್ನೊಂದು ಸಂತೋಷವೂ ಇತ್ತು. ಮೀನುಹಿಟ್ಟಿಗೆಂದು ಸರೋವರದ ಮರಿಮೀನನ್ನೂ ಕೆಲವರು ಬಾಚಿ ಮಾರುತ್ತಿದ್ದ ಕಾಲ ಅದು. "ಬಡವನ ಬಾಣಲೆಗೆ ಬೀಳೋ ಮೀನನ್ನ ಸಾಹುಕಾರನ ಮೀನಿಗೆ ಹಾಕ್ತಾರೆ" ಎಂದು ಅವಳ ಗಂಡ ಬದುಕಿರುವಷ್ಟು ಕಾಲ ಬೈಯುತ್ತಿದ್ದ. ಕಾಳಿನಿಂದ ಆ ಕೆಲಸ ಆಗುವುದಾದರೆ ಅವನ ಆತ್ಮಕ್ಕೂ ತಂಪು ಎಂದುಕೊಂಡಳು.

ಆ ಬೇಸಿಗೆಯಿಡೀ ಅವಳು ದುಡಿದಳು. ಹಂಡೆಗಳಲ್ಲಿ ಕುದಿಸಿದ ಕಾಳನ್ನು ಗೋಣಿಗೆ ತುಂಬಿ, ಕಾಲುವೆಯ ದಂಡೆಯ ಮರಗಳಿಗೆ ಹಗ್ಗ ಬಿಗಿದು ನೀರಿಗೆ ಇಳಿಬಿಡುತ್ತಿದ್ದಳು. ದಿನವೂ ಪ್ರತಿ ಗೋಣಿಯಿಂದ ಒಂದೊಂದು ಕಾಳು ಕಚ್ಚಿ ನೋಡಿ ನೋಡಿ ಅವಳಿಗೆ ರೊಟ್ಟಿಯ ರುಚಿಯೇ ಹತ್ತದಂತಾಯಿತು. ಕಹಿ ಇಳಿದ ಕಾಳನ್ನು ಚಾಪೆಯ ಮೇಲೆ ಒಣಗಿಸಿ ಹಾಜಿ ಶಲಬಿಯ ಗಿರಣಿಗೆ ಕಳಿಸುತ್ತಿದ್ದಳು. ಮೊದಲ ಸಲ ಆ ತಿಂಡಿಯನ್ನು ಹೊಂಡಕ್ಕೆ ಎರಚಿದಾಗ ಅವಳೂ ದಂಡೆಯಲ್ಲಿ ನಿಂತಿದ್ದಳು. ನೀರು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಎಣ್ಣೆಗೆ ಹಿಟ್ಟು ಬಿದ್ದ ಹಾಗೆ ಹೊಂಡವೆಲ್ಲ ಕೊತಕೊತನೆ ಎದ್ದಿತು. ಬಸ್ಯೂನಿ ಕೆಸರಿನಲ್ಲೇ ಕುಣಿದ.

ಶರತ್ಕಾಲದಲ್ಲಿ ಬಲೆ ಎಳೆದರು. ಕೈಯಗಲದ, ಬೆನ್ನು ತುಂಬಿದ ಬುಲ್ತಿ. ಬಸ್ಯೂನಿ ಎಲ್ಲರೆದುರು ಅಕ್ಕನ ತಲೆಗೆ ಮುತ್ತಿಟ್ಟು, "ಇದು ನನ್ನ ಅಕ್ಕನ ಕೈಗುಣ ಕಣ್ರಪ್ಪೋ, ಇನ್ಯಾರದ್ದೂ ಅಲ್ಲ!" ಎಂದು ಕೂಗಿ ಹೇಳಿದ. ಅಕ್ಕಪಕ್ಕದ ಹೊಂಡದವರು ಅವಳ ಮನೆಗೆ ಬಂದರು. ಒಬ್ಬ ಸಕ್ಕರೆ ತಂದ, ಇನ್ನೊಬ್ಬ ಚಹಾಪುಡಿ ತಂದ. "ಉಮ್ಮು ವಗೀದಾ, ನಮಗೂ ಒಂಚೂರು ಹೇಳ್ಕೊಡಿ" ಎಂದರು. ಮಗಳ ಹೆಸರು ಹಿಡಿದು ಅಷ್ಟು ಮರ್ಯಾದೆಯಿಂದ ಅವಳನ್ನು ಕರೆದವರು ಅದುವರೆಗೆ ಕಮ್ಮಿ. ಅವಳು ಹಿಗ್ಗಿಹೋದಳು. ಯಾರಿಗೂ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿಕೊಟ್ಟಳು.

ಚಳಿಗಾಲ ಕಳೆಯುವುದರೊಳಗೆ ಪೇಟೆಯಲ್ಲಿ ತಿರ್ಮಿಸ್ ಕಾಣದಾಯಿತು. ಹೊಂಡದವರ ಪರವಾಗಿ ದಲ್ಲಾಳಿಗಳು ಲಾರಿ ತಂದು, ಇದ್ದಬದ್ದ ಹಳೆಯ ಕಾಳನ್ನೆಲ್ಲ ಗುಡಿಸಿಕೊಂಡು ಹೋದರು. ಹೊಸ ಬೆಳೆ ಬರುವುದು ವಸಂತದ ಹಬ್ಬ ಕಳೆದ ಮೇಲೆ. ಕಾಳಿನ ಅಂಗಡಿಯವನು ಇನ್ಶಿರಾಳನ್ನು ನೋಡಿದ ಕೂಡಲೇ ಬರಿಗೈ ತೋರಿಸಿದ. "ನೀವೇ ಅಲ್ವಾ ಊರಿಗೆಲ್ಲ ಪಾಠ ಹೇಳಿದ್ದು? ಈಗ ನಿಮ್ಮ ಶಿಷ್ಯರನ್ನೇ ಕೇಳಿ."

ಅವಳಿಗೆ ಚುಚ್ಚಿತು. ಆದರೆ ಚಿಂತೆಯಾಗಲಿಲ್ಲ. ತಮ್ಮನ ಉಗ್ರಾಣದಲ್ಲಿ ಗೋಣಿಗಳು ಮಾಳಿಗೆ ಮುಟ್ಟುವಷ್ಟಿದ್ದವು. ಬಸ್ಯೂನಿ ಈಗ ಪಂಪಿನ ಪಕ್ಕದಲ್ಲೇ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಕಾಳು ನೆನೆಹಾಕಲು ಹೆಂಗಸರನ್ನು ಇಟ್ಟಿದ್ದ. ಅವರ ಮೇಲೆ ಇನ್ಶಿರಾ ಮೇಸ್ತ್ರಿ. ವಸಂತದ ಆ ಶಮ್ಮುನ್ನಸೀಮ್ ಹಬ್ಬ ಹತ್ತಿರವಾಗಿತ್ತು. ಆ ದಿನ ಊರಿಗೆ ಊರೇ ಸರೋವರದ ದಂಡೆಗೆ ಬರುತ್ತದೆ. ಉಪ್ಪುಮೀನು, ಈರುಳ್ಳಿ ಹೂ, ಬಣ್ಣದ ಮೊಟ್ಟೆ, ಅದರ ಜೊತೆ ತಿರ್ಮಿಸ್ ಇರಲೇಬೇಕು. ತಾಯಿಯ ಕಾಲದಿಂದ ಆ ದಿನ ಅವರ ಗಾಡಿ ದಂಡೆಗೆ ಬಾರದಿದ್ದದ್ದೇ ಇಲ್ಲ.

ಹಬ್ಬಕ್ಕೆ ವಾರವಿದೆ ಎನ್ನುವಾಗ ಅವಳು ತಮ್ಮನ ಹೊಸ ಮನೆಗೆ ಹೋದಳು. ಬಸ್ಯೂನಿಯ ಹೆಂಡತಿ ಹಿಕ್ಮತ್ ಚಹಾ ತಂದಿಟ್ಟಳು. ಇನ್ಶಿರಾ ಸುತ್ತುಬಳಸಿ ಮಾತಾಡುವವಳಲ್ಲ.

"ಬಸ್ಯೂನಿ, ಹಬ್ಬಕ್ಕೆ ಎರಡು ಗೋಣಿ ಕಾಳು ಬೇಕಲ್ಲೋ. ಪೇಟೇಲಿ ಒಂದು ಕಾಳೂ ಇಲ್ಲ."

ಬಸ್ಯೂನಿ ಲೋಟ ಕೆಳಗಿಟ್ಟ. "ಅಕ್ಕಾ, ಅದು ಮೀನಿನ ಪಾಲು."

ತಮಾಷೆ ಎಂದುಕೊಂಡು ಅವಳು ನಕ್ಕಳು. "ಮೀನಿಗೆ ನಾನು ಹೇಳ್ತೀನಿ ಬಿಡು. ಒಂದು ಹೊತ್ತು ಉಪವಾಸ ಇದ್ರೆ ಅವೇನೂ ಬೇಜಾರು ಮಾಡ್ಕೊಳ್ಳಲ್ಲ."

"ನಗೋ ಮಾತಲ್ಲ. ಹೊಂಡಕ್ಕೆ ಮರಿ ಬಿಡೋ ಹೊತ್ತು ಇದು. ಗಿರಣಿಯೋರಿಗೆ ಮಾತು ಕೊಟ್ಟಿದೀನಿ. ಈಗ ಒಂದು ಗೋಣಿ ಕಮ್ಮಿ ಆದ್ರೂ ನಂಗೆ ಕಷ್ಟ."

"ನಿನ್ನ ಉಗ್ರಾಣ ನಾನು ನೋಡಿಲ್ವೇನೋ? ದಿನಾ ಅಲ್ಲೇ ಇರ್ತೀನಿ."

ಅವನು ಹೆಂಡತಿಯ ಮುಖ ನೋಡಿದ. ಹಿಕ್ಮತ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಗ ಅವನ ಬಾಯಿಂದ ನಿಜವಾದ ಮಾತು ಹೊರಬಿತ್ತು.

"ಅಕ್ಕಾ, ಆ ಗಾಡಿ ನಿಂಗ್ಯಾಕೆ? ಉಣ್ಣೋಕೆ ಉಡೋಕೆ ನಾನೇನು ಕಮ್ಮಿ ಮಾಡಿದೀನಾ? ಹಬ್ಬದ ದಿನ ನಾನು ಹಾಜಿ ಶಲಬಿ ಮನೆಯೋರ ಜೊತೆ ದಂಡೆಗೆ ಬರ್ತೀನಿ. ಅವರ ಮಗನಿಗೆ ನಮ್ಮ ಹುಡುಗೀನ ಕೇಳ್ತಿದಾರೆ. ಅವರ ಕಣ್ಣೆದುರಿಗೆ ನೀನು ತಟ್ಟೆ ಬಡ್ಕೊಂಡು 'ತಿರ್ಮಿಸ್, ತಿರ್ಮಿಸ್' ಅಂತ ಕೂಗ್ತಿದ್ರೆ ಹೆಂಗಿರುತ್ತೆ? ಈ ವರ್ಷ ಬಿಟ್ಬಿಡು."

ಇನ್ಶಿರಾ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಚಹಾ ಆರುತ್ತಿತ್ತು. ಕಾಳಿನ ಕೊರತೆ ಎಂಬ ಸುಳ್ಳಿಗೇ ಅವನು ಅಂಟಿಕೊಂಡಿದ್ದರೆ ನಂಬಿದವಳಂತೆ ಎದ್ದು ಹೋಗುತ್ತಿದ್ದಳು. "ಆ ಗಾಡಿ ಕೆಳಗೆ ಮಲಗಿ ಬೆಳೆದೋನು ನೀನು" ಎನ್ನಬೇಕೆಂದಿದ್ದಳು. ಹಾಗೆಂದರೆ ಸಾಕಿದ್ದರ ಲೆಕ್ಕ ಕೇಳಿದಂತಾಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡಳು. ಎದ್ದು, ಚಪ್ಪಲಿ ಮೆಟ್ಟಿ, "ಹಿಕ್ಮತ್, ಬರ್ತೀನಮ್ಮ" ಎಂದು ಒಳಗೆ ಕೂಗಿ ಹೇಳಿ ಹೊರಟುಬಂದಳು.

ಆ ವಾರವೂ ಅವಳು ತೊಟ್ಟಿಯ ಕೆಲಸ ತಪ್ಪಿಸಲಿಲ್ಲ. ಕಾಳು ಕಚ್ಚುವಳು, ತಲೆಯಾಡಿಸುವಳು, ಮುಂದಿನ ತೊಟ್ಟಿಗೆ ಹೋಗುವಳು. ಹಬ್ಬದ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಗಾಡಿಯನ್ನು ತಳ್ಳಿಕೊಂಡು ನೇರವಾಗಿ ತೊಟ್ಟಿಯ ಬಳಿಗೇ ಬಂದಳು. ಹಿಂದಿನ ದಿನ ಕಹಿ ಪೂರ್ತಿ ಇಳಿದ ಕಾಳು ಒಣಹಾಕಲು ಸಿದ್ಧವಾಗಿ, ತುಂಬಿಕೊಂಡು, ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಅವಳು ಮೊರದಿಂದ ಎತ್ತಿ ಎತ್ತಿ ಗಾಡಿಗೆ ಸುರಿಯತೊಡಗಿದಳು.

ಕೆಲಸದ ಹೆಂಗಸರಲ್ಲಿ ಒಬ್ಬಳು ಅಳುಕುತ್ತ ಕೇಳಿದಳು, "ಯಜಮಾನ್ರು ಹೇಳಿದಾರಾ?"

"ನಾನು ಹೇಳ್ತಿದೀನಿ."

ಆ ಹೆಂಗಸು ಒಮ್ಮೆ ದಾರಿಯತ್ತ ಕಣ್ಣು ಹಾಯಿಸಿದಳು. ಆಮೇಲೆ ತಾನೂ ಒಂದು ಮೊರ ತೆಗೆದುಕೊಂಡಳು.

ದಂಡೆಯಲ್ಲಿ ಗಾಡಿ ಕಂಡದ್ದೇ ತಡ ಜನ ಮುತ್ತಿಕೊಂಡರು. ಆ ವರ್ಷ ಇಡೀ ದಂಡೆಗೆ ಅದೊಂದೇ ತಿರ್ಮಿಸ್ ಗಾಡಿ. "ಉಮ್ಮು ವಗೀದಾ, ನೀವಿಲ್ಲದಿದ್ರೆ ಹಬ್ಬಾನೇ ಇರ್ತಿರಲಿಲ್ಲ!" ಎಂದು ಒಬ್ಬ ಮುದುಕ ಹೊಗಳಿದ. ಉಪ್ಪುಮೀನಿನ ಅಂಗಡಿಯ ತೌಹೀದಾ, ಇನ್ಶಿರಾಳ ಹಳೆಯ ಗೆಳತಿ, ತನ್ನ ಬುಟ್ಟಿ ಬದಿಗಿಟ್ಟು ಪೊಟ್ಟಣ ಸುತ್ತಿಕೊಡಲು ಬಂದಳು. ಇನ್ಶಿರಾ ಜೀರಿಗೆ ಉದುರಿಸಿ, ನಿಂಬೆ ಹಿಂಡಿ, ಕೈ ತುಂಬ ಕೊಟ್ಟಳು. ಯಾರಿಂದಲೂ ಕಾಸು ತೆಗೆದುಕೊಳ್ಳಲಿಲ್ಲ. "ಹಬ್ಬದ್ದು, ತಿನ್ನಿ" ಎಂದಳು. ಮಾರಿದರೆ ಕದ್ದಂತಾಗುತ್ತದೆ, ಹಂಚಿದರೆ ಆಗುವುದಿಲ್ಲ ಎಂದು ಅವಳು ತನ್ನಷ್ಟಕ್ಕೆ ಒಂದು ನ್ಯಾಯ ಮಾಡಿಕೊಂಡಿದ್ದಳು.

ನಡುಹಗಲಿಗೆ ಬಸ್ಯೂನಿಯ ಕಾರು ಬಂತು. ಹಿಂದೆಯೇ ಹಾಜಿ ಶಲಬಿಯ ಕಾರು. ಚಾಪೆ, ಬುಟ್ಟಿ, ಇಸ್ತ್ರಿಯ ಬಟ್ಟೆ ಹಾಕಿದ ಮಕ್ಕಳು ಇಳಿದರು. ಹಾಜಿ ಶಲಬಿ ಗಾಡಿಯನ್ನು ನೋಡಿ ಹುಬ್ಬೇರಿಸಿ ಕೇಳಿದ, "ಬಸ್ಯೂನಿ, ಇಡೀ ಜಿಲ್ಲೇಲಿ ಕಾಳಿಲ್ಲ ಅಂತೀಯ, ಇವಳಿಗೆ ಎಲ್ಲಿಂದ ಬಂತಯ್ಯಾ?" ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೇ ಕೇಳಿದ್ದು.

ಬಸ್ಯೂನಿ ಹತ್ತಿರ ಬಂದು ಹಲ್ಲು ಕಚ್ಚಿ, ದನಿ ತಗ್ಗಿಸಿ ಹೇಳಿದ, "ಅಕ್ಕಾ, ಗಾಡಿ ತಿರುಗ್ಸು. ಈಗಲೇ ಮನೆಗೆ ಹೋಗು."

"ನೀನೂ ಒಂದು ಪೊಟ್ಟಣ ತಗೋ. ಖಾರ ಹಾಕ್ಲಾ?"

"ತೊಟ್ಟಿಯಿಂದ ತಂದ್ಯಾ?"

"ಹೂಂ. ನಾನೇ ನೆನೆಹಾಕಿದ್ದು."

"ಯಾರನ್ನ ಕೇಳಿ ತಂದೆ?"

"ನಿನ್ನ ಕೇಳಿದ್ನಲ್ಲೋ. ನೀನು ಕೊಡಲಿಲ್ಲ."

ಸುತ್ತಲಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಸ್ಯೂನಿಯ ಕಿವಿ ಕೆಂಪಾಯಿತು. ಹಿಂದೆ ಹಾಜಿ ಶಲಬಿ ಕೈಕಟ್ಟಿ ನಿಂತಿದ್ದ. ಬಸ್ಯೂನಿ ಒಮ್ಮೆ ಅತ್ತ ನೋಡಿದ, ಆಮೇಲೆ ಅಕ್ಕನತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ:

"ಇದನ್ನ ಏನಂತಾರೆ ಗೊತ್ತಾ? ಕಳ್ಳತನ ಅಂತಾರೆ. ನನ್ನ ಅಕ್ಕ ಆದ್ರೂ ಅಷ್ಟೇ, ಕಳ್ಳಿ ಕಳ್ಳೀನೇ."

ಪೊಟ್ಟಣ ಹಿಡಿದ ಜನ ಬಾಯಿಯಲ್ಲಿದ್ದ ಕಾಳನ್ನು ನುಂಗಲೋ ಉಗುಳಲೋ ತಿಳಿಯದೆ ನಿಂತರು. ತೌಹೀದಾ, "ಬಾಯಿ ಬಿಗಿ ಹಿಡಿಯೋ ಬಸ್ಯೂನಿ, ನಿನ್ನ ಮುಕುಳಿ ತೊಳೆದ ಕೈ ಅದು!" ಎಂದು ಚೀರಿದಳು. ಆ ಮಾತಿಗೆ ಜನ ಗೊಳ್ಳೆಂದರು. ಆ ನಗುವೇ ಕೆಲಸ ಕೆಡಿಸಿತು. ಬಸ್ಯೂನಿ ಗಾಡಿಯ ಹಿಡಿ ಕಿತ್ತುಕೊಂಡು, "ಮೀನಿನ ಪಾಲು ಮೀನಿಗೇ ಹೋಗ್ಲಿ" ಎಂದು ದಂಡೆಯ ಅಂಚಿಗೆ ನೂಕಿ ತಟ್ಟೆಯನ್ನು ಸರೋವರಕ್ಕೆ ಬಗ್ಗಿಸಿದ. ಕಾಳು ಜರಜರನೆ ನೀರಿಗೆ ಬಿತ್ತು. ನಿಂಬೆಹಣ್ಣುಗಳು ಮಾತ್ರ ತೇಲಿದವು. ಸಣ್ಣ ಮಕ್ಕಳು ಅವನ್ನು ಹಿಡಿಯಲು ಕೇಕೆ ಹಾಕುತ್ತ ನೀರಿಗಿಳಿದರು.

ಇನ್ಶಿರಾ ಅಳಲಿಲ್ಲ, ಶಾಪ ಹಾಕಲಿಲ್ಲ. ಕೈಗೆ ಅಂಟಿದ್ದ ಜೀರಿಗೆಯನ್ನು ತಲೆವಸ್ತ್ರದ ಅಂಚಿಗೆ ಒರೆಸಿಕೊಂಡಳು. ಗಾಡಿಯನ್ನು ಅಲ್ಲಿಯೇ ಬಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ನಡೆದುಹೋದಳು. ದಾರಿ ಬಿಟ್ಟವರಲ್ಲಿ ಯಾರೂ ಅವಳ ಮುಖ ನೋಡಲಿಲ್ಲ.

ಆಮೇಲೆ ಅವಳು ತೊಟ್ಟಿಯ ಕಡೆ ಹೋಗಲಿಲ್ಲ. ಹಿಕ್ಮತ್ ಎರಡು ಸಲ ಅಡುಗೆ ಮಾಡಿಸಿಕೊಂಡು ಬಂದಳು. ಇನ್ಶಿರಾ ಅವಳನ್ನು ಕೂರಿಸಿ, ಮಾತಾಡಿಸಿ, ಪಾತ್ರೆಯನ್ನು ಮುಚ್ಚಳ ತೆಗೆಯದೆ ಹಿಂದಕ್ಕೆ ಕಳಿಸಿದಳು. ವಗೀದಾ ದಮಿಯತ್ತಾಕ್ಕೆ ಬಾ ಎಂದು ಫೋನಿನಲ್ಲಿ ಅತ್ತಳು. ಇನ್ಶಿರಾ ಹೋಗಲಿಲ್ಲ. "ಓಡಿ ಹೋದ್ರೆ ಕದ್ದಿದ್ದು ನಿಜ ಅಂತಾರೆ ಮಗಳೇ" ಎಂದಳು. ತೌಹೀದಾಳ ಅಂಗಡಿಯಲ್ಲಿ ಉಪ್ಪುಮೀನು ಕಟ್ಟುವ ಕೆಲಸಕ್ಕೆ ಸೇರಿಕೊಂಡಳು. ಮೀನಿನ ಹೊಟ್ಟೆಗೆ ಉಪ್ಪು ತುಂಬಿ ಪೀಪಾಯಿಗೆ ಒತ್ತುವ ಕೆಲಸ. ಬೆರಳುಗಳು ಬಿರಿದು ಉರಿಯುತ್ತಿದ್ದವು.

ದೇವರು ನೋಡಿಕೊಳ್ಳುತ್ತಾನೆ, ಅವನ ಹೊಂಡ ಹೊಲಸಾಗುತ್ತದೆ ಎಂದು ಹೆಂಗಸರು ಅಂದುಕೊಂಡರು. ಹಾಗೇನೂ ಆಗಲಿಲ್ಲ. ತೊಟ್ಟಿಯ ಹೆಂಗಸರು ಅವಳಿಂದ ಕೆಲಸವನ್ನು ಚೆನ್ನಾಗಿಯೇ ಕಲಿತಿದ್ದರು. ಮೀನು ಬೆಳೆಯಿತು. ಬಸ್ಯೂನಿಯ ಮಗಳ ನಿಶ್ಚಿತಾರ್ಥ ಹಾಜಿ ಶಲಬಿಯ ಮನೆಯಲ್ಲಿ ದೀಪ ಹಾಕಿಸಿ ನಡೆಯಿತು. ಕರೆಯಲು ಹಿಕ್ಮತ್ ಬಂದಳು, ಬಸ್ಯೂನಿ ಬರಲಿಲ್ಲ. ಇನ್ಶಿರಾ ಸೋದರಸೊಸೆಗೆ ತನ್ನ ಬೆಳ್ಳಿ ಬಳೆಗಳನ್ನು ಕಳಿಸಿಕೊಟ್ಟು ಮನೆಯಲ್ಲೇ ಉಳಿದಳು.

ಮರುವರ್ಷ ಸೋಯಾ ಹಡಗುಗಳು ತುಂಬಿ ತುಂಬಿ ಬಂದವು. ಬೆಲೆ ಇಳಿಯಿತು. ಬೇಯಿಸುವುದಿಲ್ಲ, ನೆನೆಹಾಕುವುದಿಲ್ಲ, ಗಿರಣಿಗೆ ಸುರಿದರೆ ಮುಗಿಯಿತು. ಹೊಂಡದವರೆಲ್ಲ ಒಬ್ಬರ ಹಿಂದೆ ಒಬ್ಬರು ತಿರ್ಮಿಸ್ ಕೈಬಿಟ್ಟರು. ಸಿಮೆಂಟಿನ ತೊಟ್ಟಿಗಳು ಬಾತುಕೋಳಿಗಳ ಪಾಲಾದವು. ಪೇಟೆಯಲ್ಲಿ ಕಾಳು ಮತ್ತೆ ಕೇಳುವವರಿಲ್ಲದೆ ಬಿತ್ತು.

ಒಂದು ಸಂಜೆ ಇನ್ಶಿರಾ ಅಂಗಡಿಯಿಂದ ಬರುವಾಗ ಬಾಗಿಲ ಮುಂದೆ ಅವಳು ದಂಡೆಯಲ್ಲಿ ಬಿಟ್ಟುಬಂದಿದ್ದ ಗಾಡಿ ನಿಂತಿತ್ತು. ಹೊಸ ಗಾಲಿ, ಹೊಸ ಹಸಿರು ಬಣ್ಣ. ಪಕ್ಕದಲ್ಲಿ ತಿರ್ಮಿಸ್ ಗೋಣಿಗಳ ರಾಶಿ. ಮೆಟ್ಟಿಲ ಮೇಲೆ ಬಸ್ಯೂನಿ ಕುಳಿತಿದ್ದ. ಅವನ ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಅವಳನ್ನು ಕಂಡು ಎದ್ದು ನಿಂತ.

"ಅಕ್ಕಾ, ಉಗ್ರಾಣದಲ್ಲಿ ಸುಮ್ನೆ ಬಿದ್ದಿತ್ತು. ನಮಗಿನ್ನು ಬೇಕಾಗಲ್ಲ. ಎಲ್ಲಾ ನಿಂಗೇ. ಹಬ್ಬ ಬರ್ತಿದೆಯಲ್ಲ, ಗಾಡಿ ಹಾಕು. ಯಾರು ಏನಂತಾರೋ ನಾನು ನೋಡ್ಕೋತೀನಿ."

ಅವಳು ಗೋಣಿಗಳನ್ನು ನೋಡಿದಳು. ಗಾಡಿಯನ್ನೂ ನೋಡಿದಳು. ಬಣ್ಣ ಚೆನ್ನಾಗಿತ್ತು. ಕೆಳಗಿನ ಹಲಗೆಯನ್ನು ತೆಗೆಸಿಹಾಕಿದ್ದರು.

"ಅಕ್ಕಾ, ಏನಾದ್ರೂ ಮಾತಾಡು. ಬೈಯಾದ್ರೂ ಬೈಯಿ. ಎರಡೇಟು ಹಾಕು ಬೇಕಾದ್ರೆ."

ಇನ್ಶಿರಾ ಬೀಗ ತೆರೆದಳು. ಒಳಗಿನಿಂದ ಮಣೆ ತಂದು ಬಾಗಿಲ ಬಳಿ ಹಾಕಿದಳು.

"ಕೂತ್ಕೊಳ್ಳಿ" ಎಂದಳು. "ಚಹಾ ಕುಡೀತೀರಾ? ಹಿಕ್ಮತ್ ಹೆಂಗಿದಾಳೆ? ಮಕ್ಕಳೆಲ್ಲ ಚೆನ್ನಾಗಿದಾರಾ?"

ಬಸ್ಯೂನಿ ಅವಳ ಮುಖವನ್ನೇ ನೋಡಿದ. ಅವಳು ಅವನನ್ನು ಹೊತ್ತು ತಿರುಗಿದ್ದಳು, ಹೊಡೆದಿದ್ದಳು, ಜ್ವರ ಬಂದಾಗ ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಅವನು 'ಲೋ' ಆಗಿದ್ದ.

"ಹಂಗನ್ಬೇಡ ಅಕ್ಕಾ" ಎಂದ. "ನಂಗೆ ಬಹುವಚನ ಹಾಕ್ಬೇಡ."

"ಸಕ್ಕರೆ ಎಷ್ಟು ಹಾಕ್ಲಿ ನಿಮಗೆ?" ಎಂದು ಕೇಳಿ ಅವಳು ಒಲೆ ಹಚ್ಚಲು ಒಳಗೆ ಹೋದಳು.

ಅವನು ಚಹಾ ಕುಡಿದು ಹೋದ. ಗೋಣಿಗಳನ್ನು ಅವಳು ಬಿಚ್ಚಲೂ ಇಲ್ಲ, ಹಿಂದಕ್ಕೂ ಕಳಿಸಲಿಲ್ಲ. ಹಸಿ ತಿರ್ಮಿಸ್ ಕಹಿಗೆ ಹುಳ ಹತ್ತುವುದಿಲ್ಲ, ಇಲಿ ಮುಟ್ಟುವುದಿಲ್ಲ. ಅವು ಅಲ್ಲಿಯೇ ಗೋಡೆಗೊರಗಿ ಬಿದ್ದುಕೊಂಡಿದ್ದವು.